ಮುಟ್ಟಿ ನೋಡಿದ ಕೈ

ಕುಷ್ಠರೋಗವು ಒಂದು ಬ್ಯಾಕ್ಟೀರಿಯಾದಿಂದ ಬಂದು, ಮುಖ್ಯವಾಗಿ ಚರ್ಮವನ್ನೂ ಅದರ ಕೆಳಗೆ ಹಾಯುವ ನರಗಳನ್ನೂ ಹಿಡಿಯುವ ಕಾಯಿಲೆ. ನಾರ್ವೆಯ ವೈದ್ಯ ಹ್ಯಾನ್ಸನ್ ಆ ಬ್ಯಾಕ್ಟೀರಿಯಾವನ್ನು ಗುರುತಿಸಿದ 1873ರಲ್ಲೇ ಬೆಲ್ಜಿಯಂನ ಪಾದ್ರಿ ಡಾಮಿಯನ್ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋಗಿ, ಅಲ್ಲಿಗೆ ಗಡೀಪಾರಾದ ರೋಗಿಗಳ ನಡುವೆ ನೆಲೆಸಿ, ಅವರ ಹುಣ್ಣುಗಳಿಗೆ ಪಟ್ಟಿ ಕಟ್ಟಿ, ಸತ್ತವರಿಗೆ ಗೋರಿ ತೋಡಿ, 1889ರಲ್ಲಿ ಅದೇ ರೋಗದಿಂದ ತೀರಿಕೊಂಡರು. ಕ್ರೈಸ್ತ ಸೇವೆಯೆಂದರೆ ಹೀಗೆ ಬಲಿಯಾಗುವುದೇ ಎಂದು ಭಾವಿಸುವವರು ವೆಲ್ಲೂರಿನ ಕಥೆಯನ್ನೂ ಓದಬೇಕು.

ಸುವಾರ್ತೆ ಎನಿಸಿದ ಯೇಸುವಿನ ಚರಿತ್ರೆಗಳಲ್ಲಿ, ಮೋಶೆಯ ಧರ್ಮಶಾಸ್ತ್ರ ಪಾಳೆಯದ ಹೊರಗಿಟ್ಟ ಕುಷ್ಠರೋಗಿಯನ್ನು ಯೇಸು ಕೈಚಾಚಿ ಮುಟ್ಟುತ್ತಾನೆ. (ಬೈಬಲಿನ ಆ ಪದ ಹಲವು ಬಗೆಯ ಚರ್ಮದೋಷಗಳಿಗೆ ಸಲ್ಲುತ್ತಿತ್ತು, ಅದನ್ನು ಇಂದಿನ ಕುಷ್ಠವೆಂದೇ ಓದಿದ್ದರಿಂದ ರೋಗಿಗಳಿಗೆ ಆದ ಅನ್ಯಾಯ ಸಣ್ಣದಲ್ಲ.) ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳಿಗೆ 1914ರಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರ ಕೈಯಲ್ಲಿ ಆ ಮುಟ್ಟುವಿಕೆ ಒಂದು ಪರೀಕ್ಷೆಯಾಯಿತು. ಚೆಂಗಲ್ಪಟ್ಟಿನ ಕುಷ್ಠಾಶ್ರಮದಲ್ಲಿ ಬೆರಳು ಸೊಟ್ಟಗಾದ ರೋಗಿಯೊಬ್ಬನಿಗೆ ಕೈ ಕೊಟ್ಟು ಅದುಮಲು ಹೇಳಿದಾಗ, ಬಲಗುಂದಿರಬೇಕಿದ್ದ ಆ ಹಿಡಿತ ಅವರ ಕೈಯನ್ನೇ ನೋಯಿಸಿತು.

ಕಾರಣ ಸೊಗಸಾದದ್ದು. ಈ ಬ್ಯಾಕ್ಟೀರಿಯಾಕ್ಕೆ ದೇಹದ ತಂಪು ಭಾಗಗಳು ಒಗ್ಗುತ್ತವೆ. ಮೊಣಕೈಯ ಬಳಿ, ಏಟು ಬಿದ್ದರೆ ಜುಮ್ಮೆನ್ನುವ ನರ ಚರ್ಮಕ್ಕೆ ಹತ್ತಿರವೇ ಹಾಯುವುದರಿಂದ ಅದು ಬೇಗ ಕೆಡುತ್ತದೆ. ಆಗ ಅಂಗೈಯ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆಯಾದರೂ ಮುಂಗೈಯ ದೊಡ್ಡ ಸ್ನಾಯುಗಳಲ್ಲಿ ಹಲವು ಗಟ್ಟಿಯಾಗಿಯೇ ಉಳಿಯುತ್ತವೆ. ಹಾಗೆ ಉಳಿದ ಸ್ನಾಯುವೊಂದರ ಸ್ನಾಯುರಜ್ಜುವನ್ನು, ಅಂದರೆ ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಯನ್ನು, ಬೆರಳಿಗೆ ತಿರುಗಿಸಿ ಹೊಲಿದರೆ ಬೆರಳು ಮತ್ತೆ ನೀಳುತ್ತದೆ, ರೋಗಿ ಅನ್ನ ಕಲಸಿ ತುತ್ತು ಎತ್ತುತ್ತಾನೆ.

ಕುಷ್ಠದಿಂದ ಬೆರಳು ಕೊಳೆತು ಉದುರುತ್ತದೆಂಬ ನಂಬಿಕೆ ಇಂದಿಗೂ ಹೋಗಿಲ್ಲ. ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಕಂಡುಕೊಂಡಂತೆ ಬೆರಳನ್ನು ಕಳೆಯುವುದು ನೋವಿಲ್ಲದಿರುವಿಕೆ: ಒಲೆಯ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದರೂ, ಮೊಳೆ ಹೊಕ್ಕ ಪಾದದಲ್ಲಿ ದಿನವಿಡೀ ನಡೆದರೂ ತಿಳಿಯದೆ, ಗಾಯ ಕೀವಾಗಿ, ಎಲುಬು ಸವೆದು ಅಂಗ ಮೊಟಕಾಗುತ್ತದೆ. ರಾತ್ರಿ ಮಲಗಿದ್ದಾಗ ಇಲಿ ಬೆರಳು ಕಡಿದರೂ ಎಚ್ಚರವಾಗದವರಿದ್ದರು. ಅವರಿಗೆ ಬೆಕ್ಕು ಸಾಕಲು ಕೊಟ್ಟದ್ದು ಹಾಸ್ಯವಲ್ಲ, ಅಪ್ಪಟ ಚಿಕಿತ್ಸೆ. ನೋವು ದೇವರ ಶಿಕ್ಷೆಯೆಂದು ಕೇಳಿ ಬೆಳೆದವರ ನಡುವೆ ಬ್ರ್ಯಾಂಡ್ ಅದನ್ನು ವರವೆಂದು ಬರೆದದ್ದು ಈ ಅನುಭವದ ಬಲದಿಂದ.

ಬಹುವಿಧ ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಮೇಲೆ ರೋಗ ಗುಣವಾಗುವುದು ಸುಲಭವಾಯಿತು, ಆದರೆ ಸತ್ತ ನರ ಮರಳದು. ಮಿಷನ್ ಆಸ್ಪತ್ರೆಗಳ ಇತಿಹಾಸವನ್ನು ಮತಾಂತರದ ಲೆಕ್ಕದಲ್ಲಷ್ಟೇ ಓದುವವರು ಅಲ್ಲಿನ ಚಪ್ಪಲಿ ತಯಾರಿಕೆಯ ಕಡೆಗೂ ಕಣ್ಣು ಹಾಯಿಸಿದರೆ, ಮೆತ್ತನೆಯ ರಬ್ಬರಿನ ಅಟ್ಟೆಗೆ ಮೊಳೆ ಹೊಡೆಯದೆ ಅಂಟಿನಿಂದಲೇ ಕೂಡಿಸುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ಏಕೆ ಹಾಗಿದೆಯೆಂಬುದೂ, ಅದನ್ನು ಕಳಚಿದವರು ಪ್ರತಿ ಸಂಜೆ ಅಂಗಾಲನ್ನು ತಿರುಗಿಸಿ ಬೆಳಕಿಗೆ ಹಿಡಿದು ಏನನ್ನು ಹುಡುಕುತ್ತಾರೆಂಬುದೂ ತಿಳಿಯುತ್ತದೆ.