ತೋಟಕ್ಕಿರುವ ಆರೈಕೆ ಮೈಗೂ ಇರಲಿ

ಮಳೆಗಾಲದ ಹೊಸ್ತಿಲಲ್ಲಿ ಶಿರಸಿಯ ಸಮೀಪದ ಇಸಳೂರಿನ ಕಡೆಗೆ ಹೋದರೆ ಅಡಕೆಯ ತೋಟಗಳಲ್ಲಿ ಔಷಧ ಹೊಡೆಯುವ ಸಂಭ್ರಮವನ್ನು ಕಾಣಬಹುದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ಗ್ರಂಥವನ್ನೇ ಪ್ರಕಟಿಸಿದ್ದರು. ಕೊಳೆ ತಗಲುವ ಮೊದಲೇ ಔಷಧ ಬೀಳಬೇಕು. ನಲವತ್ತು ದಿನ ಕಳೆದ ಮೇಲೆ ಇನ್ನೊಮ್ಮೆ. ಕಾಯಿ ಉದುರತೊಡಗಿದ ಮೇಲೆ ಹೊಡೆದು ಫಲವೇನು?

ತೋಟದ ವಿಷಯದಲ್ಲಿ ಇಷ್ಟು ಜಾಗರೂಕನಾದ ಯಜಮಾನನನ್ನು, ರಕ್ತದೊತ್ತಡವನ್ನು ಕಡೆಯ ಬಾರಿ ನೋಡಿಸಿಕೊಂಡದ್ದು ಯಾವಾಗ ಎಂದು ಕೇಳಿರಿ. ಅವನು ನಕ್ಕು ಸುಮ್ಮನಾಗುತ್ತಾನೆ! ಗೃಹಿಣಿಯ ಪಾಡಂತೂ ಹೇಳತೀರದು. ಅತಿಥಿಗಳಿಗೆ, ಆಳುಗಳಿಗೆ, ಕೊಟ್ಟಿಗೆಯ ದನಗಳಿಗೆ ಎಲ್ಲ ಆದ ಮೇಲೆ, ತಣ್ಣಗಾದ ಅನ್ನ ಅವಳ ಪಾಲಿಗೆ. ಸೊಂಟನೋವು ಬಂದರೆ 'ಹೋಗಲಿ ಬಿಡಿ' ಎಂಬ ಒಂದೇ ಮಾತು. ತನ್ನ ಮೈಯನ್ನು ನೋಡಿಕೊಳ್ಳುವುದು ಸ್ವಾರ್ಥವೆಂದು ಅವಳ ಭಾವನೆ. ಆದರೆ ಅವಳು ಹಾಸಿಗೆ ಹಿಡಿದ ದಿನ ಮನೆಯ ಒಲೆಯೇ ತಣ್ಣಗಾಗುವುದಿಲ್ಲವೆ?

ಹಿಂದಿನವರು ಇದನ್ನು ಅರಿಯದೆ ಇರಲಿಲ್ಲ. ವಾಗ್ಭಟನ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯವೇ ದಿನಚರ್ಯೆ. ತಲೆ, ಕಿವಿ, ಅಂಗಾಲುಗಳಿಗೆ ಎಣ್ಣೆಯನ್ನು ವಿಶೇಷವಾಗಿ ಹಚ್ಚಿಕೊಳ್ಳಬೇಕೆಂದು ಅಲ್ಲಿ ವಿಧಿಯಿದೆ. ಎಣ್ಣೆಸ್ನಾನ, ಒಂದೆಲಗದ ತಂಬುಳಿ ಇವೆಲ್ಲ ಮಲೆನಾಡಿನ ಮನೆಗಳಲ್ಲಿ ಉಳಿದುಬಂದ ಒಳ್ಳೆಯ ರೂಢಿಗಳು.

ಹಾಗೆಂದು ರೂಢಿಯೆಲ್ಲವೂ ಹಿತವಲ್ಲ. ಹೊಗೆಸೊಪ್ಪಿಲ್ಲದಿದ್ದರೂ ಅಡಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಅಡಕೆಯಿಂದಲೇ ಬದುಕುವ ಸೀಮೆಯಲ್ಲಿ ಈ ಮಾತು ಕಹಿ; ಆದರೂ ಊಟವಾದೊಡನೆ ಕವಳದ ತಟ್ಟೆಗೆ ಕೈಚಾಚುವವರು ಇದನ್ನು ನೆನೆಯಲೇಬೇಕು. ಅಪ್ಪೆಮಿಡಿಯ ಉಪ್ಪಿನಕಾಯಿಯ ರುಚಿಗೆ ಮನಸೋಲದವರಿಲ್ಲ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದನ್ನೂ ಮರೆಯಬಾರದು.

ಊರು ಬಿಟ್ಟು ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿದವರಿಗೆ ತೋಟದ ಓಡಾಟವೂ ಇಲ್ಲ. ಅವರು ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕು. ರಾತ್ರಿ ಏಳು ಗಂಟೆಯ ನಿದ್ದೆ ಬೇಕು. ಮೂವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಳ್ಳಬೇಕು. ಮನೆಯಾಕೆಗೆ ಎಲ್ಲರೊಡನೆ ಕುಳಿತು ಬಿಸಿ ಅನ್ನ ಉಣ್ಣುವ ಅವಕಾಶವನ್ನು ಉಳಿದವರು ಮಾಡಿಕೊಡಬೇಕು. ಇದಕ್ಕೆ ಹಣದ ಖರ್ಚೂ ಇಲ್ಲ.

ಮೊದಲ ಮಳೆಗೆ ಮುನ್ನ ತೋಟವನ್ನು ನೆನೆಯುವವರು, ಅದೇ ದಿನ ತಮ್ಮನ್ನೂ ಒಮ್ಮೆ ನೆನೆದುಕೊಳ್ಳಲಿ.