ಪೇಪರ್ ಲೋಟದೊಳಗಿನ ಪ್ಲಾಸ್ಟಿಕ್

ಚಾರ್ಮಾಡಿ ಘಾಟಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನಿಲ್ಲದೆ ಮುಂದೆ ಹೋಗುವುದು ಕಡಿಮೆ. ಧರ್ಮಸ್ಥಳದಿಂದ ಬಂದವರಿಗೂ ಕಳಸ, ಹೊರನಾಡಿಗೆ ಹೊರಟವರಿಗೂ ಇಲ್ಲಿ ನೀರುದೋಸೆ, ಕಾಫಿ ಆಗಲೇಬೇಕು. ದೋಸೆ ತಟ್ಟೆ ತೊಳೆದು ಮತ್ತೆ ಬಳಕೆಗೆ ಬರುತ್ತದೆ. ರಸ್ತೆ ಬದಿ ನಿಂತು ಕುಡಿದ ಕಾಫಿಯ ಪೇಪರ್ ಲೋಟ ಐದೇ ನಿಮಿಷಕ್ಕೆ ಕಸ. ಕಾಗದ ತಾನೆ, ಮಳೆಗೆ ಕರಗೀತು ಎಂದು ಬಹಳ ಜನ ನಂಬಿದ್ದಾರೆ.

ಅದು ಕರಗುವುದಿಲ್ಲ. ಬರೀ ಕಾಗದಕ್ಕೆ ಬಿಸಿ ಕಾಫಿ ಹೊಯ್ದರೆ ನೆನೆದು ಸೋರುತ್ತದೆ. ಅದಕ್ಕೇ ಒಳಮೈಗೆ ಪಾಲಿಥೀನಿನ ತೆಳು ಪೊರೆ ಹಚ್ಚಿರುತ್ತಾರೆ. ರಟ್ಟನ್ನು ಸುತ್ತಿ ಅಂಚನ್ನು ಕಾಯಿಸಿ ಒತ್ತಿದಾಗ ಕರಗಿ ಬೆಸೆದುಕೊಳ್ಳುವುದೂ ಈ ಪೊರೆಯೇ. ಅನುಮಾನವಿದ್ದರೆ ಒಂದು ಲೋಟವನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಹೊರಗಿನ ಕಾಗದವನ್ನು ಬೆರಳಲ್ಲಿ ಉಜ್ಜಿ ತೆಗೆಯಿರಿ. ಕೈಯಲ್ಲಿ ಪ್ಲಾಸ್ಟಿಕ್ ಹಾಳೆ ಉಳಿಯುತ್ತದೆ.

ಬಿಸಿಗೆ ಆ ಪೊರೆ ಸವೆಯುತ್ತದೆ ಕೂಡ. ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಖರಗ್‌ಪುರ ಐಐಟಿಯ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ಬಳಸಿದ ಲೋಟವನ್ನು ಗುಜರಿಯವರು ಮುಟ್ಟುವುದಿಲ್ಲ. ಪೊರೆ ಬೇರ್ಪಡಿಸುವ ಯಂತ್ರ ಸಾಮಾನ್ಯ ಕಾಗದದ ಗಿರಣಿಗಳಲ್ಲಿಲ್ಲ. ಹಾಲು, ಸಕ್ಕರೆಯ ಅಂಟು ಬೇರೆ. ಉಳಿಯುವುದು ಸುಡುವುದು, ಇಲ್ಲವೆ ಘಾಟಿಯ ತಿರುವಿನಲ್ಲಿ ಕಿಟಕಿಯಿಂದ ಎಸೆಯುವುದು. ಮುಂಗಾರಿನಲ್ಲಿ ಕಾಗದ ಕೊಳೆತು ಪೊರೆ ಹಳ್ಳಕ್ಕೆ ಇಳಿಯುತ್ತದೆ. ಕೊಟ್ಟಿಗೆಹಾರ ನೀರು ಎರಡು ಪಾಲಾಗುವ ನೆತ್ತಿಯ ಮೇಲಿದೆ. ಚಾರ್ಮಾಡಿ ಕಡೆ ಇಳಿದದ್ದು ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ, ಮೂಡಿಗೆರೆ ಕಡೆ ಹರಿದದ್ದು ಹೇಮಾವತಿ ಸೇರಿ ಕಾವೇರಿಗೆ. ಇಲ್ಲಿ ಎಸೆದ ಕಸ ಮಂಗಳೂರಿನವರ ನೀರಿಗೂ ಹಾಸನದವರ ನೀರಿಗೂ ಸೇರಬಲ್ಲದು. ನನ್ನನ್ನು ಹೆಚ್ಚು ಕಾಡುವುದು ಇದೇ.

2022ರ ಜುಲೈ 1ರಿಂದ ಜಾರಿಯಾದ ಕೇಂದ್ರದ ನಿಷೇಧ ಪ್ಲಾಸ್ಟಿಕ್ ಲೋಟ, ತಟ್ಟೆ, ಸ್ಟ್ರಾಗಳನ್ನು ಹೆಸರಿಸಿತು. ಪೊರೆಯ ಪೇಪರ್ ಲೋಟ ಆ ಪಟ್ಟಿಯಲ್ಲಿಲ್ಲ. ತಮಿಳುನಾಡು ಅದನ್ನೂ 2019ರಲ್ಲೇ ನಿಷೇಧಿಸಿತ್ತು.

ಪೇಪರ್ ಲೋಟದ ಬದಲು ಬಳಸಬಹುದಾದ ಸ್ಟೀಲ್ ಲೋಟವೇನೂ ಪುಕ್ಕಟೆಯಲ್ಲ. ಕಬ್ಬಿಣದ ಅದಿರಿಗಾಗಿ ನಮ್ಮ ಜಿಲ್ಲೆಯ ಕುದುರೆಮುಖದ ಗುಡ್ಡಗಳನ್ನೇ 2005ರ ಕೊನೆಯವರೆಗೆ ಅಗೆದರು. ಆದರೆ ಒಂದು ಸ್ಟೀಲ್ ಲೋಟ ಹತ್ತಾರು ವರ್ಷ ಬಾಳುತ್ತದೆ, ಸೊಟ್ಟಗಾದ ಮೇಲೂ ಗುಜರಿಯಲ್ಲಿ ಕಾಸು ತಂದು ಮತ್ತೆ ಕುಲುಮೆಗೆ ಹೋಗುತ್ತದೆ. ಹೋಟೆಲಿನವರಿಗೆ ಬೇಕಾದ್ದು ಒಂದು ಹಂಡೆ ಕುದಿನೀರು ಮತ್ತು ತೊಳೆಯುವ ಕೈಗೆ ಸರಿಯಾದ ಕೂಲಿ.

ಮುಂದಿನ ಸಲ ಘಾಟಿ ಹತ್ತುವಾಗ ಕಾರಿನಲ್ಲಿ ಮನೆಯ ನಾಲ್ಕು ಲೋಟ ಇಟ್ಟುಕೊಳ್ಳಿ. ಮರೆತಿದ್ದರೆ ಒಳಗೆ ಹೋಗಿ ಕೂತು, ಸ್ಟೀಲ್ ಲೋಟದಲ್ಲೇ ಕೊಡಿ ಎಂದು ಕೇಳಿ.