ಗಂಜಿ ಹಾಕದ ಕಾಗದ

ಉಗಾರ ಖುರ್ದದಲ್ಲಿ ಹಂಗಾಮು ಶುರುವಾದರೆ ಕೃಷ್ಣಾ ತೀರದ ಕಬ್ಬೆಲ್ಲ ಟ್ರ್ಯಾಕ್ಟರ್ ಏರಿ ರಸ್ತೆಗೆ ಬರುತ್ತದೆ. ಊರಿನ ಉಗಾರ ಶುಗರ್ ವರ್ಕ್ಸ್ 1939ರಲ್ಲಿ ಸ್ಥಾಪನೆಯಾದ ಕಂಪನಿ. ಗೇಟಿನ ಬಳಿ ಕಾಟಾದ ಮೇಲೆ ತೂಕವಾಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅಷ್ಟಾಗಿ ಕಣ್ಣಿಗೆ ಬೀಳದ ಇನ್ನೊಂದು ಅಳತೆ ಎಲ್ಲ ಸಕ್ಕರೆ ಕಾರ್ಖಾನೆಗಳ ಲ್ಯಾಬಿನಲ್ಲೂ ನಡೆಯುತ್ತದೆ. ಅದಕ್ಕೆ ಬೇಕಾದ ಸಾಮಾನುಗಳಲ್ಲಿ ಒಂದು, ದುಂಡಗೆ ಕತ್ತರಿಸಿದ ಬಿಳಿ ಕಾಗದ.

ಮಿಲ್ಲಿನಿಂದ ಬಂದ ರಸ ಮಬ್ಬಾಗಿರುತ್ತದೆ. ಅದಕ್ಕೆ ಸೀಸದ ಅಸಿಟೇಟ್ ಪುಡಿ ಹಾಕಿ ಕುಲುಕಿದರೆ ಕಲ್ಮಶ ಗರಣೆಗಟ್ಟುತ್ತದೆ. ಕಾಗದವನ್ನು ಮಡಚಿ ಆಲಿಕೆಯಲ್ಲಿ ಕೂರಿಸಿ ರಸ ಸುರಿಯುತ್ತಾರೆ. ಮೊದಲು ಇಳಿದ ಹನಿಗಳನ್ನು ಚೆಲ್ಲಿಬಿಡುತ್ತಾರೆ. ಒಣಗಿದ್ದ ಕಾಗದ ಒಂದಿಷ್ಟನ್ನು ತಾನೇ ಕುಡಿದು ಆ ಹನಿಗಳ ಸಾಂದ್ರತೆ ಕೆಡಿಸಿರಬಹುದು. ಆಮೇಲಿನ ತಿಳಿರಸ ಗಾಜಿನ ಕೊಳವೆ ಸೇರಿ ಪೋಲಾರಿಮೀಟರಿಗೆ ಹೋಗುತ್ತದೆ. ಸಕ್ಕರೆ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿತು ಎಂಬುದರ ಮೇಲೆ ರಸದಲ್ಲಿ ಎಷ್ಟು ಸಕ್ಕರೆ ಎಂಬ ಲೆಕ್ಕ. ಕಬ್ಬಿನಲ್ಲಿದ್ದ ಸಕ್ಕರೆ ಯಾವ ಹಂತದಲ್ಲಿ ಎಷ್ಟು ಉಳಿಯಿತು, ಎಷ್ಟು ಸೋರಿತು ಎಂದು ಕಾಯುವುದು ಇಂಥ ಅಳತೆಗಳೇ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕಬ್ಬಿನ ದರ 10.25% ರಿಕವರಿಗೆ, ಅಂದರೆ ಕಬ್ಬಿನಿಂದ ಕೈಗೆ ಬಂದ ಸಕ್ಕರೆಯ ಪಾಲಿಗೆ, ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1%ಕ್ಕೆ 3.46 ರೂಪಾಯಿ ಹೆಚ್ಚು. ಹಾಗಾಗಿ ‘ರಿಕವರಿ’ ಎಂಬ ಮಾತು ಅಥಣಿ, ರಾಯಬಾಗದ ಹೊಲದ ಬದುವಿನ ಮೇಲೂ ಕೇಳುತ್ತದೆ.

ಆ ದುಂಡು ಕಾಗದ ನಮ್ಮ ಹಳೆಯ ಬ್ಲಾಟಿಂಗ್ ಪೇಪರಿನ ಒಡಹುಟ್ಟು. ಬರೆಯುವ ಕಾಗದಕ್ಕೆ ಗಂಜಿಯನ್ನೋ ಸರಿಯನ್ನೋ ರಾಳವನ್ನೋ ಕುಡಿಸಿರುತ್ತಾರೆ, ಶಾಯಿ ಹರಡಬಾರದೆಂದು. ಇವೆರಡಕ್ಕೆ ಅದಿಲ್ಲ. ಹತ್ತಿಯ ಎಳೆಗಳ ನಡುವಿನ ಸಂದುಗಳೆಲ್ಲ ತೆರೆದೇ ಇರುತ್ತವೆ. ಎಳೆಯಲ್ಲಿರುವ ಸೆಲ್ಯುಲೋಸ್‌ಗೆ ನೀರೆಂದರೆ ಮೊದಲೇ ಸೆಳೆತ. ಇಂಗ್ಲೆಂಡಿನ ಗಿರಣಿಯೊಂದರಲ್ಲಿ ಕೆಲಸಗಾರ ಸರಿ ಹಾಕಲು ಮರೆತ, ಹಾಗೆ ಬ್ಲಾಟಿಂಗ್ ಪೇಪರ್ ಹುಟ್ಟಿತು ಎಂಬ ಕತೆ ಎಲ್ಲೆಡೆ ಸಿಗುತ್ತದೆ. ಕತೆ ಚೆನ್ನಾಗಿದೆ, ನಂಬಬೇಕಿಲ್ಲ. 1519ರ ಇಂಗ್ಲಿಷ್ ಪಠ್ಯವೊಂದರಲ್ಲೇ, ಹಸಿ ಅಕ್ಷರ ಅಳಿಸದಂತೆ ಒತ್ತುವ ಕಾಗದದ ಮಾತು ಬಂದಿದೆ. ಬ್ಲಾಟಿಂಗ್ ಪೇಪರಿನ ಗುಲಾಬಿ ಬಣ್ಣದ ಕಾರಣ ಮಾತ್ರ ಜಿಪುಣತನದ್ದು: ಕೆಂಪು ಚಿಂದಿಯ ಬಣ್ಣ ಬಿಡಿಸುವುದು ಕಷ್ಟ, ಬರೆಯುವ ಕಾಗದಕ್ಕೆ ಅದು ಬಾರದು, ಆದ್ದರಿಂದ ಇದಕ್ಕೆ ಸುರಿದರು.

ಶಾಯಿ ಪೆನ್ನಿನ ಕಾಲದಲ್ಲಿ ಕಚೇರಿಯ ಮೇಜಿನ ಮೇಲೆ ತೂಗುವ ಮರದ ಬ್ಲಾಟರ್ ಇರುತ್ತಿತ್ತು. ಶಾಲೆಯಲ್ಲಿ ಅದಿಲ್ಲದ ಹುಡುಗರು ಖಡುವಿನ ತುಂಡನ್ನೇ ಶಾಯಿಯ ಮೇಲೆ ಹೊರಳಿಸುತ್ತಿದ್ದರು. ಬಾಲ್‌ಪೆನ್ ಬಂತು, ಆ ಸಂಸಾರವೆಲ್ಲ ಮುಗಿಯಿತು. ಕಾಗದಕ್ಕೆ ಬೇರೆ ಕೆಲಸ ಆಗಲೇ ಸಿಕ್ಕಿತ್ತು.

ಒಂದು ಪಟ್ಟಿ ಕತ್ತರಿಸಿ, ತುದಿಗಿಂತ ಬೆರಳಗಲ ಮೇಲೆ ಕಪ್ಪು ಸ್ಕೆಚ್‌ಪೆನ್ನಿನಿಂದ ಚುಕ್ಕೆ ಇಡಿ. ಚುಕ್ಕೆ ಮುಳುಗದಂತೆ ತುದಿಯನ್ನಷ್ಟೇ ನೀರಿಗೆ ತಾಗಿಸಿ. ನೀರು ಮೊದಲು ಓಡುತ್ತದೆ, ಬರಬರುತ್ತ ನಿಧಾನವಾಗುತ್ತದೆ. ಎರಡರಷ್ಟು ದೂರಕ್ಕೆ ಸುಮಾರು ನಾಲ್ಕರಷ್ಟು ಹೊತ್ತು. ದಾರಿಯಲ್ಲಿ ಕಪ್ಪು ಬಣ್ಣ ನೀಲಿ, ಗುಲಾಬಿ, ಹಳದಿಯಾಗಿ ಒಡೆಯುವುದೂ ಉಂಟು. ಕಾಗದಕ್ಕೆ ಹೆಚ್ಚು ಅಂಟುವ ಬಣ್ಣ ಹಿಂದೆ ಉಳಿಯುತ್ತದೆ, ನೀರನ್ನು ಮೆಚ್ಚಿದ್ದು ಮುಂದೆ ಹೋಗುತ್ತದೆ. 1944ರಲ್ಲಿ ವಿಜ್ಞಾನಿ ಮಾರ್ಟಿನ್ ಮತ್ತು ಸಂಗಡಿಗರು ಅಮೈನೋ ಆಮ್ಲಗಳನ್ನು ಕಾಗದದ ಮೇಲೆ ಬೇರ್ಪಡಿಸಿದ್ದು ಇದೇ ದಾರಿಯಲ್ಲಿ. ಇದರ ಬುಡದಲ್ಲಿದ್ದ ತತ್ವಕ್ಕೆ ಮಾರ್ಟಿನ್ ಮತ್ತು ಸಿಂಜ್ 1952ರಲ್ಲಿ ನೊಬೆಲ್ ಪಡೆದರು.

ಚಿಕ್ಕೋಡಿ, ನಿಪ್ಪಾಣಿ ಕಡೆಯ ಸೋಯಾಬೀನ್ ಬೆಳೆಗಾರರಿಗೆ ಇನ್ನೊಂದು ಬಳಕೆ ಹತ್ತಿರದ್ದು. ಸೋಯಾ ಬೀಜದ ಸಿಪ್ಪೆ ತೆಳು, ಬೇಗ ಕೆಡುತ್ತದೆ. ಒದ್ದೆ ಕಾಗದದಲ್ಲಿ ನೂರು ಕಾಳು ಸುತ್ತಿಟ್ಟು ವಾರದ ಮೇಲೆ ಬಿಚ್ಚಿ ಎಣಿಸುವುದು ಬಿತ್ತನೆಗೆ ಮುಂಚಿನ ಪರೀಕ್ಷೆ. ಪ್ರಮಾಣಿತ ಬೀಜದಲ್ಲಿ ಕನಿಷ್ಠ 70% ಮೊಳೆಯಬೇಕು. ಬೀಜರೋಗ ತಜ್ಞರು ಬ್ಲಾಟರ್ ಹಾಸಿದ ಗಾಜಿನ ತಟ್ಟೆಯಲ್ಲಿ ಕಾಳಿಟ್ಟು, ಏಳು ದಿನ ಬಿಟ್ಟು, ಯಾವ ಬೂಷ್ಟು ಎದ್ದಿತೆಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಇನ್ನು ಈ ಕಾಗದದ ಕಳ್ಳದಾರಿ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿದ ಎಲ್‌ಎಸ್‌ಡಿಯ ಅಮಲು ಅವನಿಗೇ ತಿಳಿದದ್ದು 1943ರಲ್ಲಿ. ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು ಅವನನ್ನು ಅಲ್ಲಾಡಿಸಿಬಿಟ್ಟಿತ್ತು. ಅಷ್ಟು ಸಣ್ಣದನ್ನು ಕೈಯಲ್ಲಿ ಹಿಡಿಯುವುದಾದರೂ ಹೇಗೆ? ಅಮೆರಿಕದ ಹಿಪ್ಪಿ ಕಾಲದಲ್ಲಿ ಅದರ ವಾಹನ ಸಕ್ಕರೆ ಗಡ್ಡೆ. ಸಕ್ಕರೆ ಪುಡಿಯಾಗುತ್ತದೆ, ಜಾಗ ತಿನ್ನುತ್ತದೆ. ಎಪ್ಪತ್ತರ ದಶಕದಲ್ಲಿ ಆ ಜಾಗಕ್ಕೆ ಬ್ಲಾಟಿಂಗ್ ಪೇಪರ್ ಬಂತು: ಲಕೋಟೆಯಲ್ಲಿ ಅಡಗುತ್ತದೆ, ಉಗುರಗಲದ ಚೌಕಗಳಾಗಿ ಹರಿಯುತ್ತದೆ, ಮೇಲೆ ಚಿತ್ರ ಅಚ್ಚಾಗುತ್ತದೆ. ಮಿಕಿ ಮೌಸ್, ಸೈಕಲ್ ಏರಿದ ಹಾಫ್‌ಮನ್, ಏನೆಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕ್ ಮೆಕ್‌ಕ್ಲೌಡ್ ಇಂಥ ಹಾಳೆಗಳಿಗೆ ಕಟ್ಟು ಹಾಕಿಸಿ ಮನೆಯನ್ನೇ ಸಂಗ್ರಹಾಲಯ ಮಾಡಿದ. ಮೊಕದ್ದಮೆ ಬಿತ್ತು, 2001ರಲ್ಲಿ ಖುಲಾಸೆಯಾದ.

ಕೋರ್ಟುಗಳಿಗೆ ತಲೆನೋವಾದದ್ದು ಚಿತ್ರವಲ್ಲ, ಶಿಕ್ಷೆಯನ್ನು ಅಳೆಯುವ ತೂಕ. ಕಬ್ಬಿನ ಜೊತೆ ರವದಿಯೂ ಕಾಟಾ ಏರಿದಾಗ ಏಳುವ ತಕರಾರೇ ಇಲ್ಲಿಯೂ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದ ಚಾಪ್‌ಮನ್ ಪ್ರಕರಣದಲ್ಲಿ ಸಾವಿರ ಚೌಕಗಳ ತೂಕ 5.7 ಗ್ರಾಂ, ಅದರಲ್ಲಿ ಅಮಲು ಪದಾರ್ಥ ಸುಮಾರು 50 ಮಿಲಿಗ್ರಾಂ. ಕಾಗದವೂ ಲೆಕ್ಕಕ್ಕೆ ಸೇರುತ್ತದೆ ಎಂದಿತು ಕೋರ್ಟು. 1993ರಲ್ಲಿ ಅಲ್ಲಿನ ಶಿಕ್ಷಾ ಆಯೋಗ ತನ್ನ ಮಾರ್ಗಸೂಚಿಯಲ್ಲಿ ಕಾಗದದ ತೂಕ ಬಿಟ್ಟು ಒಂದು ಚೌಕಕ್ಕೆ 0.4 ಮಿಲಿಗ್ರಾಂ ಎಂದು ಗೊತ್ತು ಮಾಡಿತು.

ನಮ್ಮ 1985ರ ಮಾದಕ ವಸ್ತು ಕಾಯ್ದೆಯಡಿ (ಎನ್‌ಡಿಪಿಎಸ್) ಎಲ್‌ಎಸ್‌ಡಿಯ ವಾಣಿಜ್ಯ ಪ್ರಮಾಣದ ಗೆರೆ 0.1 ಗ್ರಾಂ, ಅದನ್ನು ಮೀರಿ ಸಿಕ್ಕರೆ ಕನಿಷ್ಠ 10 ವರ್ಷ ಕಠಿಣ ಸಜೆ. ಬೆರೆತ ಪದಾರ್ಥದ ಒಟ್ಟು ತೂಕ ಹಿಡಿಯಬೇಕೆಂದು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬ್ಲಾಟರ್ ಕಾಗದವೂ ಅದರಲ್ಲಿ ಸೇರುತ್ತದೆಂದು 2022ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಚಾಪ್‌ಮನ್ ಪ್ರಕರಣದ ಚೌಕಗಳನ್ನೇ ಇಟ್ಟು ಲೆಕ್ಕ ಹಾಕಿ: ಅಮಲನ್ನಷ್ಟೇ ತೂಗಿದರೆ ಆ ಗೆರೆ ಮುಟ್ಟಲು 2,000 ಚೌಕ ಬೇಕು, ಕಾಗದ ಸೇರಿಸಿದರೆ 18 ಸಾಕು. ದಪ್ಪ ಹಾಳೆಯಾದರೆ ಇನ್ನೂ ಕಡಿಮೆ. ಮಾರುವವನಿಗೆ ಶಿಕ್ಷೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಸಜೆಯ ವರ್ಷಗಳನ್ನು ಕಾಗದದ ದಪ್ಪ ನಿರ್ಧರಿಸುವುದು ನನಗಂತೂ ಸರಿ ಕಾಣುವುದಿಲ್ಲ.